ಥೈರಾಯ್ಡ್ ವರದಿ ಸರಿಯಾಗಿದೆ, ಕಣ್ಣು ಮಾತ್ರ ಮುಂದಕ್ಕೆ ಬರುತ್ತಿದೆ

ಪ್ರಶ್ನೆ: ನನಗೆ 39 ವರ್ಷ, ದಾವಣಗೆರೆ ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ. ಕಳೆದ ವರ್ಷ ಎದೆ ಬಡಿತ, ಕೈ ನಡುಕ ಶುರುವಾಗಿ ತೂಕ ಇಳಿಯಿತು. ಪರೀಕ್ಷೆ ಮಾಡಿ ಗ್ರೇವ್ಸ್ ಕಾಯಿಲೆ ಎಂದರು. ಕಾರ್ಬಿಮಜೋಲ್ ಮಾತ್ರೆಯಿಂದ ಈಗ ಟಿ3, ಟಿ4 ಎರಡೂ ಸರಿಯಾಗಿವೆ. ಆದರೆ ನಾಲ್ಕು ತಿಂಗಳಿಂದ ಕಣ್ಣುಗಳು ಕೆಂಪಾಗಿ ಮುಂದಕ್ಕೆ ಬಂದಿವೆ. ಬೆಳಗ್ಗೆ ಎದ್ದಾಗ ರೆಪ್ಪೆ ಊದಿರುತ್ತದೆ, ನೀರು ಸುರಿಯುತ್ತದೆ, ಕಣ್ಣು ಹೊರಳಿಸಿದರೆ ನೋಯುತ್ತದೆ. ಮೇಲೆ ನೋಡಿದರೆ ಎರಡೆರಡು ಕಾಣುತ್ತದೆ. ಮಕ್ಕಳು 'ಟೀಚರ್, ಕೋಪವೇ?' ಎಂದು ಕೇಳುತ್ತಾರೆ. ಮತ್ತೆ ಮತ್ತೆ ಮಾತ್ರೆ ನುಂಗುವ ಬದಲು ರೇಡಿಯೋ ಅಯೋಡಿನ್ ತೆಗೆದುಕೊಂಡು ಮುಗಿಸಿಬಿಡಿ ಎಂದು ಒಬ್ಬ ವೈದ್ಯರು ಹೇಳಿದ್ದಾರೆ. ಕಣ್ಣಿಗೆ ಈಗಲೇ ಶಸ್ತ್ರಚಿಕಿತ್ಸೆ ಮಾಡಿಸಬಹುದೇ? ಮನೆಯಲ್ಲಿ ಯಜಮಾನರು ಸಿಗರೇಟ್ ಸೇದುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ? 14 ವರ್ಷದ ಮಗಳಿಗೂ ಇದು ಬರುತ್ತದೆಯೇ?

ಉತ್ತರ: ಮೊದಲು ಎರಡು ವಿಷಯ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ. ಕಣ್ಣಿನ ಪೂರ್ಣ ಪರೀಕ್ಷೆ ಆಗುವವರೆಗೆ ರೇಡಿಯೋ ಅಯೋಡಿನ್ (ಥೈರಾಯ್ಡ್ ಗ್ರಂಥಿಯ ಕೋಶಗಳನ್ನು ನಾಶ ಮಾಡುವ ವಿಕಿರಣಶೀಲ ಅಯೋಡಿನ್) ತೆಗೆದುಕೊಳ್ಳಬೇಡಿ. ಮತ್ತು ಶಸ್ತ್ರಚಿಕಿತ್ಸೆಗೆ ಇದು ಸಮಯವಲ್ಲ. ಇದು ಔಷಧಿ ಕೆಲಸ ಮಾಡುವ ಸಮಯ, ಅದು ಕೈಜಾರಿ ಹೋಗದಂತೆ ನೋಡಿಕೊಳ್ಳಬೇಕು.

ರಕ್ತದ ವರದಿ ಸರಿಯಾದ ಮೇಲೂ ಕಣ್ಣು ಏಕೆ ಹದಗೆಡುತ್ತಿದೆ ಎಂಬುದು ನಿಮ್ಮನ್ನು ಹೆಚ್ಚು ಕಾಡಿದೆ. ಗ್ರೇವ್ಸ್ ಕಾಯಿಲೆಯ ಮೂಲ ಥೈರಾಯ್ಡ್ ಗ್ರಂಥಿಯಲ್ಲಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯಲ್ಲಿದೆ. ಅದು ತಯಾರಿಸುವ ಒಂದು ಬಗೆಯ ಪ್ರತಿಕಾಯಗಳು ಗ್ರಂಥಿಯ ಮೇಲಿನ ಟಿಎಸ್‌ಎಚ್ ಗ್ರಾಹಕಗಳಿಗೆ (ಗ್ರಂಥಿಗೆ ಕೆಲಸ ಮಾಡೆಂದು ಹೇಳುವ ಟಿಎಸ್‌ಎಚ್ ಹಾರ್ಮೋನಿನ ಸಂಕೇತ ಹಿಡಿಯುವ ತಾಣಗಳಿಗೆ) ಅಂಟಿಕೊಂಡು ಹಾರ್ಮೋನನ್ನು ಮಿತಿಮೀರಿ ಹೊರಡಿಸುತ್ತವೆ. ಕಣ್ಣುಗುಡ್ಡೆಯ ಹಿಂದಿನ ಅಂಗಾಂಶದಲ್ಲಿರುವ ಫೈಬ್ರೊಬ್ಲಾಸ್ಟ್ ಕೋಶಗಳ ಮೇಲೂ ಇದೇ ಗ್ರಾಹಕಗಳಿವೆ. ಜೊತೆಗೆ ಐಜಿಎಫ್-1 ಎಂಬ ಇನ್ನೊಂದು ಗ್ರಾಹಕವೂ ಇಲ್ಲಿ ಕೈಜೋಡಿಸುತ್ತದೆ. ಕೆರಳಿದ ಈ ಕೋಶಗಳು ಹೈಯಲುರೊನಿಕ್ ಆಮ್ಲವನ್ನು ಹೇರಳವಾಗಿ ಸುರಿಸುತ್ತವೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು, ಹಾಗಾಗಿ ಕಣ್ಣನ್ನು ಹೊರಳಿಸುವ ಸ್ನಾಯುಗಳು ಊದುತ್ತವೆ. ಕೊಬ್ಬೂ ಹೆಚ್ಚುತ್ತದೆ. ಕಾರ್ಬಿಮಜೋಲ್ ಗ್ರಂಥಿಯಲ್ಲಿ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ, ಕಣ್ಣಿನ ಹಿಂದೆ ನಡೆಯುತ್ತಿರುವ ಉರಿಯೂತ ಅದರ ಕೈಗೆ ಸಿಗುವುದಿಲ್ಲ. ಆದ್ದರಿಂದ ಟಿ3, ಟಿ4 ಸರಿ ಇದ್ದರೆ ಗ್ರಂಥಿಯ ಬಗ್ಗೆ ಸಮಾಧಾನಪಡಬಹುದು. ಕಣ್ಣಿನ ಸ್ಥಿತಿಯನ್ನು ಕಣ್ಣನ್ನೇ ಪರೀಕ್ಷಿಸಿ ತಿಳಿಯಬೇಕು. ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್ 1835ರಲ್ಲಿ, ಜರ್ಮನಿಯ ಕಾರ್ಲ್ ಫಾನ್ ಬಾಸೆಡೊ 1840ರಲ್ಲಿ ಕುತ್ತಿಗೆಯ ಗಂಟು, ಎದೆ ಬಡಿತ ಮತ್ತು ಮುಂದಕ್ಕೆ ಬಂದ ಕಣ್ಣುಗಳನ್ನು ಒಟ್ಟಿಗೆ ಗುರುತಿಸಿ ಬರೆದಿದ್ದರು. ಇಷ್ಟು ಕಾಲವಾದ ಮೇಲೂ ಗ್ರಂಥಿಯ ವರದಿ ನೋಡಿ ಕಣ್ಣನ್ನು ಮರೆತುಬಿಡುವುದು ನಡೆದೇ ಇದೆ ಎಂಬುದು ನನಗೆ ಬೇಸರದ ಸಂಗತಿ.

ಕಣ್ಣುಗುಡ್ಡೆ ಕೂತಿರುವ ಗೂಡು ಸುತ್ತಲೂ ಮೂಳೆಯ ಗೋಡೆ ಇರುವ, ಮುಂದೆ ಮಾತ್ರ ಬಾಗಿಲು ತೆರೆದ ಪುಟ್ಟ ಕೋಣೆಯಂತೆ. ಅದರ ಒಟ್ಟು ಗಾತ್ರ ಸುಮಾರು 30 ಮಿಲಿಲೀಟರ್. ಒಳಗಿನ ಸ್ನಾಯು, ಕೊಬ್ಬು ಊದಿದಾಗ ಗುಡ್ಡೆಗೆ ಮುಂದೆ ಬರದೆ ಬೇರೆ ದಾರಿಯಿಲ್ಲ. ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯವಿದೆ. ಕಣ್ಣು ಹೆಚ್ಚು ಮುಂದೆ ಬಂದವರಿಗೇ ಅಪಾಯ ಹೆಚ್ಚು ಎಂದೇನೂ ಅಲ್ಲ. ರೆಪ್ಪೆಗಳು ಬಿಗಿಯಾಗಿದ್ದು ಗುಡ್ಡೆ ಮುಂದೆ ಬರಲಾಗದಿದ್ದರೆ ಒತ್ತಡವೆಲ್ಲ ಹಿಂದೆ ದೃಷ್ಟಿನರದ ಮೇಲೆ ಬೀಳುತ್ತದೆ. ಕನ್ನಡಿಯಲ್ಲಿ ಅಷ್ಟೇನೂ ವ್ಯತ್ಯಾಸ ಕಾಣದಿದ್ದರೂ ದೃಷ್ಟಿ ಕುಗ್ಗಬಹುದು. ಹಾಗಾಗಿ ನೋಟಕ್ಕೆ ಕಾಣುವ ಬದಲಾವಣೆಯನ್ನೇ ಕಾಯಿಲೆಯ ಅಳತೆಗೋಲು ಮಾಡಿಕೊಳ್ಳಬಾರದು.

ನೀವು ಹೇಳಿದ ಲಕ್ಷಣಗಳು ಒಂದೊಂದೂ ಇದರಿಂದಲೇ ಹುಟ್ಟಿದವು. ಕೋಪಗೊಂಡಂತೆ ಕಾಣುವುದಕ್ಕೆ ಕಾರಣ ಮೇಲಿನ ರೆಪ್ಪೆ ಮೇಲಕ್ಕೆ ಸರಿದು ಕಣ್ಣಿನ ಬಿಳಿಭಾಗ ತೆರೆದುಕೊಂಡಿರುವುದು. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಚಿಹ್ನೆ ಅದೇ. ಹಾರ್ಮೋನ್ ಹೆಚ್ಚಿದ್ದಾಗ ರೆಪ್ಪೆಯ ಒಂದು ಸ್ನಾಯು ಬಿಗಿಯುವುದರಿಂದ ಆಗುವ ಭಾಗ ಥೈರಾಯ್ಡ್ ಹತೋಟಿಗೆ ಬಂದಂತೆ ಇಳಿಯುತ್ತದೆ, ಉರಿಯೂತದಿಂದ ಆದದ್ದು ಉಳಿದುಕೊಳ್ಳುತ್ತದೆ. ರಾತ್ರಿಯಿಡೀ ಮಲಗಿರುವಾಗ ನೀರಿನಂಶ ಇಳಿದು ಹೋಗದೆ ನಿಲ್ಲುವುದರಿಂದ ಬೆಳಗ್ಗೆ ಊತ ಹೆಚ್ಚು. ನೀರು ಸುರಿಯುವುದು ವಾಸ್ತವದಲ್ಲಿ ಕಣ್ಣು ಒಣಗಿದ್ದರ ಗುರುತು: ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣಿನ ಮೇಲ್ಮೈ ಒಣಗಿದಾಗ ಕಣ್ಣೀರಿನ ಗ್ರಂಥಿ ಕೆರಳಿ ನೀರು ಹರಿಸುತ್ತದೆ. ಇನ್ನು, ಮೇಲೆ ನೋಡಿದಾಗ ಎರಡೆರಡು ಕಾಣುವುದು. ಮೇಲಕ್ಕೆತ್ತುವ ಸ್ನಾಯು ಸೋತಿದೆ ಎಂದು ಎಲ್ಲರೂ ಭಾವಿಸುತ್ತಾರೆ. ನಿಜದಲ್ಲಿ ಬಿಗಿಯಾಗಿರುವುದು ಕೆಳಗಿನ ಸ್ನಾಯು. ಗುಡ್ಡೆ ಮೇಲಕ್ಕೆ ಹೊರಳಬೇಕಾದರೆ ಅದು ಸಡಿಲವಾಗಬೇಕು, ಅದು ಸಡಿಲವಾಗುತ್ತಿಲ್ಲ. ಗ್ರೇವ್ಸ್ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಾಧೆಗೊಳಗಾಗುವ ಸ್ನಾಯು ಇದು, ಮೂಗಿನ ಕಡೆಯದು ಎರಡನೆಯದು. ಹೀಗಿರುವಾಗ 'ಕಣ್ಣಿನ ವ್ಯಾಯಾಮ' ಎಂದು ಯಾರಾದರೂ ಹೇಳಿಕೊಟ್ಟರೆ ಅದರಿಂದ ಈ ಬಿಗಿತ ಬಿಡುವುದಿಲ್ಲ.

ಈಗ ಸಮಯದ ವಿಷಯಕ್ಕೆ ಬರುತ್ತೇನೆ, ನಿಮ್ಮ ಚಿಕಿತ್ಸೆಯೆಲ್ಲ ನಿಂತಿರುವುದು ಇದರ ಮೇಲೆ. ಈ ಕಾಯಿಲೆ ಏರಿ, ಸ್ವಲ್ಪ ಕಾಲ ನಿಂತು, ನಂತರ ತಾನಾಗಿ ಇಳಿದು ಒಂದು ಮಟ್ಟದಲ್ಲಿ ನೆಲೆಗೊಳ್ಳುತ್ತದೆ. 1945ರಲ್ಲಿ ರಂಡಲ್ ಎಂಬ ವೈದ್ಯರು ಗುರುತಿಸಿದ ಈ ಏರಿಳಿತವನ್ನು ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತೇವೆ. ಉರಿಯೂತ ಜೋರಾಗಿರುವ ಘಟ್ಟ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷ ಇರುತ್ತದೆ, ಧೂಮಪಾನಿಗಳಲ್ಲಿ ಇನ್ನೂ ಉದ್ದ. ಆ ಘಟ್ಟ ಮುಗಿದ ಮೇಲೆ ಕೆಂಪು, ನೋವು, ಊತ ಹೋಗುತ್ತವೆ. ಆದರೆ ಮುಂದೆ ಬಂದ ಗುಡ್ಡೆ, ನಾರುಗಟ್ಟಿದ ಸ್ನಾಯು, ಮೇಲೆ ಸರಿದ ರೆಪ್ಪೆ ಪೂರ್ತಿಯಾಗಿ ಮೊದಲಿನಂತಾಗುವುದು ಕಡಿಮೆ. ಉರಿಯೂತ ಜೀವಂತವಾಗಿರುವಾಗ ಅದನ್ನು ತಣಿಸುವ ಔಷಧಿಗೆ ಫಲವಿದೆ. ನಾರುಗಟ್ಟಿದ ಮೇಲೆ ಅದೇ ಔಷಧಿ ಕೊಟ್ಟರೆ ಅಡ್ಡ ಪರಿಣಾಮ ಮಾತ್ರ ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಇದರ ತದ್ವಿರುದ್ಧ: ಸ್ಥಿತಿ ದಿನೇ ದಿನೇ ಬದಲಾಗುತ್ತಿರುವಾಗ ಅಳತೆ ಹಿಡಿದು ಸ್ನಾಯು ಸರಿಪಡಿಸಿದರೆ ಮೂರು ತಿಂಗಳಲ್ಲಿ ಆ ಅಳತೆಯೇ ತಪ್ಪಾಗಿರುತ್ತದೆ.

ಯಾವ ಘಟ್ಟ ಎಂದು ತಿಳಿಯಲು ಏಳು ಚಿಹ್ನೆಗಳ ಒಂದು ಅಂಕಪಟ್ಟಿ ಬಳಸುತ್ತೇವೆ. ಸುಮ್ಮನಿದ್ದಾಗಲೂ ಕಣ್ಣಿನ ಹಿಂದೆ ನೋವು ಅಥವಾ ಒತ್ತಡ, ಕಣ್ಣು ಹೊರಳಿಸಿದರೆ ನೋವು, ರೆಪ್ಪೆ ಕೆಂಪಾಗುವುದು, ಕಣ್ಣಿನ ಬಿಳಿ ಕೆಂಪಾಗುವುದು, ರೆಪ್ಪೆಯ ಊತ, ಬಿಳಿಭಾಗದ ಮೇಲಿನ ಪೊರೆ ನೀರು ತುಂಬಿ ಉಬ್ಬುವುದು, ಕಣ್ಣಿನ ಒಳಮೂಲೆಯಲ್ಲಿ ಮೂಗಿನ ಬದಿಗಿರುವ ಮಾಂಸದ ಚೂರು ಊದುವುದು. ಏಳರಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಕಾಯಿಲೆ ಚುರುಕಾಗಿದೆ ಎಂದರ್ಥ. ನಿಮ್ಮ ಪತ್ರವನ್ನು ಓದಿಯೇ ನಾನು ಮೂರನ್ನು ಎಣಿಸಬಲ್ಲೆ. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನೀವು ಚುರುಕಿನ ಘಟ್ಟದಲ್ಲಿದ್ದೀರಿ ಎಂದು ಹೇಳಲು ಸಾಕಷ್ಟು ಕಾರಣವಿದೆ.

ರೇಡಿಯೋ ಅಯೋಡಿನ್ ಬೇಡ ಎಂದದ್ದು ಇದಕ್ಕೇ. ಗ್ರಂಥಿಯ ದೃಷ್ಟಿಯಿಂದ ಅದು ಒಳ್ಳೆಯ ಚಿಕಿತ್ಸೆ. ಆದರೆ ಗ್ರಂಥಿ ಒಡೆದಾಗ ರಕ್ತಕ್ಕೆ ಬಿಡುಗಡೆಯಾಗುವ ಅಂಶಗಳಿಂದ ಪ್ರತಿಕಾಯಗಳ ಮಟ್ಟ ಏರಿ ತಿಂಗಳುಗಟ್ಟಲೆ ಹಾಗೆಯೇ ಇರಬಹುದು. ರೇಡಿಯೋ ಅಯೋಡಿನ್ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಮಂದಿಗೆ ಕಣ್ಣಿನ ತೊಂದರೆ ಹೊಸದಾಗಿ ಬರುತ್ತದೆ ಅಥವಾ ಇದ್ದದ್ದು ಹೆಚ್ಚುತ್ತದೆ. ಈಗಾಗಲೇ ಚುರುಕಾದ ಕಣ್ಣಿನ ಕಾಯಿಲೆ ಇರುವವರಿಗೆ ಆ ಹೊರೆ ಬೇಡ. ನಿಮ್ಮ ಮುಂದೆ ಎರಡು ದಾರಿಗಳಿವೆ: ಕಾರ್ಬಿಮಜೋಲನ್ನೇ ಒಂದೂವರೆ ವರ್ಷ, ಬೇಕಾದರೆ ಇನ್ನೂ ಹೆಚ್ಚು ಕಾಲ ಮುಂದುವರಿಸುವುದು, ಅಥವಾ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸುವುದು. ಮಾತ್ರೆ ಮುಂದುವರಿಸಿದರೆ ಒಂದು ಎಚ್ಚರಿಕೆ. ಜ್ವರದ ಜೊತೆ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ರಕ್ತದ ಬಿಳಿಕಣ ಪರೀಕ್ಷೆ ಮಾಡಿಸಿ. ಅಪರೂಪಕ್ಕೆ ಈ ಮಾತ್ರೆ ಬಿಳಿಕಣಗಳನ್ನು ತೀರಾ ಇಳಿಸಿಬಿಡುತ್ತದೆ. ಯಾವ ದಾರಿ ಹಿಡಿದರೂ ಥೈರಾಯ್ಡ್ ಮಟ್ಟ ಒಂದೇ ಸಮನಾಗಿರಲಿ. ಹಾರ್ಮೋನ್ ಹೆಚ್ಚಾದರೂ ಕಣ್ಣಿಗೆ ಕೆಟ್ಟದ್ದು, ಕಡಿಮೆಯಾದರೂ ಕೆಟ್ಟದ್ದು.

ಕೂದಲು ಉದುರುತ್ತದೆ ಎಂದು ಥೈರಾಯ್ಡ್ ಇರುವ ಅನೇಕ ಹೆಣ್ಣುಮಕ್ಕಳು ಬಯೋಟಿನ್ ಮಾತ್ರೆ ನುಂಗುತ್ತಾರೆ. ನೀವೂ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಪ್ರಯೋಗಾಲಯದವರಿಗೂ ಹೇಳಿ. ಬಯೋಟಿನ್ ಕೆಲವು ಪರೀಕ್ಷಾ ವಿಧಾನಗಳನ್ನು ದಾರಿ ತಪ್ಪಿಸಿ ಥೈರಾಯ್ಡ್ ಹೆಚ್ಚಾಗಿರುವಂತೆ ಸುಳ್ಳು ವರದಿ ಕೊಡಿಸುತ್ತದೆ. ಅದನ್ನು ನಂಬಿ ಮಾತ್ರೆ ಹೆಚ್ಚಿಸಿದರೆ ಹಾರ್ಮೋನ್ ಕುಸಿಯುತ್ತದೆ.

ಸಿಗರೇಟಿನ ಪ್ರಶ್ನೆಗೆ ಉತ್ತರ: ಸಂಬಂಧವಿದೆ, ಗಟ್ಟಿಯಾದ ಸಂಬಂಧ. ಈ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಹೊಗೆಗಿಂತ ದೊಡ್ಡದು ಇಲ್ಲ. ಗ್ರೇವ್ಸ್ ಇರುವ ಧೂಮಪಾನಿಗಳಿಗೆ ಕಣ್ಣಿನ ತೊಂದರೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು, ಬಂದರೆ ತೀವ್ರ, ಸ್ಟೀರಾಯ್ಡ್‌ಗೆ ಸ್ಪಂದನ ಕಡಿಮೆ, ರೇಡಿಯೋ ಅಯೋಡಿನ್ ನಂತರ ಹದಗೆಡುವುದೂ ಹೆಚ್ಚು. ಇವು ಸೇದುವವರ ಬಗೆಗಿನ ಮಾತು. ನೀವು ಸೇದುವುದಿಲ್ಲ, ಆದರೆ ಪಕ್ಕದವರ ಹೊಗೆಯೂ ನಿಮ್ಮ ಕಣ್ಣಿಗೆ ಒಳ್ಳೆಯದಲ್ಲ. ಯಜಮಾನರಿಗೆ ಈ ಭಾಗವನ್ನು ಓದಲು ಕೊಡಿ. ಬಾಲ್ಕನಿಯಲ್ಲಿ ನಿಂತು ಸೇದುವುದು ಪರಿಹಾರವಲ್ಲ, ಬಿಡುವುದೇ ಪರಿಹಾರ. ಧೂಮಪಾನ ಬಿಡಲು ನಿಕೋಟಿನ್ ಗಮ್, ಪ್ಯಾಚ್‌ಗಳ ನೆರವಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಲಿ. ಔಷಧಿಗೆ ಸಾವಿರಾರು ರೂಪಾಯಿ ಸುರಿಯುತ್ತಾ ಮನೆಯೊಳಗೆ ಹೊಗೆ ತುಂಬಿಕೊಂಡಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಈಗ ಚಿಕಿತ್ಸೆ. ಕಾಯಿಲೆ ಹಗುರವಾಗಿದ್ದರೆ ಕೃತಕ ಕಣ್ಣೀರಿನ ಹನಿಗಳು, ರಾತ್ರಿ ದಪ್ಪನೆಯ ಜೆಲ್, ತಲೆದಿಂಬು ಎತ್ತರಿಸಿ ಮಲಗುವುದು, ಬಿಸಿಲಿಗೆ ಕಪ್ಪು ಕನ್ನಡಕ ಸಾಕಾಗುತ್ತವೆ. ಗ್ರೇವ್ಸ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗಾದರೂ ಕಣ್ಣಿನ ಬಾಧೆ ಇರುತ್ತದೆ, ಅವರಲ್ಲಿ ಹೆಚ್ಚಿನವರು ಈ ಹಗುರ ಗುಂಪಿನವರೇ. ಸೆಲೆನಿಯಂ ಮಾತ್ರೆಯ ಬಗ್ಗೆ ನೀವು ಕೇಳಿರಬಹುದು. 2011ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಹಗುರ ಕಾಯಿಲೆ ಇದ್ದವರಿಗೆ ದಿನಕ್ಕೆರಡು ಬಾರಿ 100 ಮೈಕ್ರೋಗ್ರಾಂನಂತೆ ಆರು ತಿಂಗಳು ಕೊಟ್ಟಾಗ ಪ್ರಯೋಜನ ಕಂಡಿತ್ತು. ಅದು ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ ಇರುವ ಪ್ರದೇಶಗಳ ಮಾತು. ನಮ್ಮ ದೇಶದಲ್ಲಿ ಪಂಜಾಬಿನ ಕೆಲವೆಡೆ ಮಣ್ಣಿನಲ್ಲಿ ಅದು ಅತಿಯಾಗಿರುವುದೂ ಉಂಟು. ವೈದ್ಯರ ಸಲಹೆ ಇಲ್ಲದೆ, ಆರು ತಿಂಗಳು ಮೀರಿ ನುಂಗಬೇಡಿ. ಅತಿಯಾದರೆ ಉಗುರು ಪುಡಿಯಾಗುತ್ತದೆ, ಕೂದಲು ಉದುರುತ್ತದೆ.

ನಿಮಗೆ ಎರಡೆರಡು ಕಾಣುತ್ತಿದೆ, ಉರಿಯೂತವೂ ಇದೆ. ಪರೀಕ್ಷೆಯಲ್ಲಿ ಇದು ಮಧ್ಯಮದಿಂದ ತೀವ್ರ ಮಟ್ಟದ ಚುರುಕು ಕಾಯಿಲೆ ಎಂದು ಖಚಿತವಾದರೆ ರಕ್ತನಾಳದ ಮೂಲಕ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಸಾಮಾನ್ಯ ಕ್ರಮವೆಂದರೆ ವಾರಕ್ಕೊಮ್ಮೆ, 12 ವಾರ. ಮೊದಲ ಆರು ವಾರ 500 ಮಿಲಿಗ್ರಾಂ, ನಂತರದ ಆರು ವಾರ 250 ಮಿಲಿಗ್ರಾಂ, ಒಟ್ಟು ನಾಲ್ಕೂವರೆ ಗ್ರಾಂ. ಜೊತೆಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮೈಕೋಫೆನೊಲೇಟ್ ಮಾತ್ರೆ ಸೇರಿಸುವುದೂ ಈಗ ರೂಢಿಗೆ ಬಂದಿದೆ. ಗರ್ಭ ಧರಿಸುವ ಯೋಚನೆ ಇದ್ದರೆ ಅದು ಕೂಡದು, ಮೊದಲೇ ತಿಳಿಸಿ. ದಿನಾ ನುಂಗುವ ಸ್ಟೀರಾಯ್ಡ್ ಮಾತ್ರೆಗಿಂತ ವಾರದ ಡ್ರಿಪ್ ಹೆಚ್ಚು ಪರಿಣಾಮಕಾರಿ, ಅಡ್ಡ ಪರಿಣಾಮವೂ ಕಡಿಮೆ. ಆದರೆ ಶುರು ಮಾಡುವ ಮುನ್ನ ಯಕೃತ್ತಿನ ಪರೀಕ್ಷೆ, ಹೆಪಟೈಟಿಸ್ ಬಿ, ಸಕ್ಕರೆ, ರಕ್ತದೊತ್ತಡ ಕಡ್ಡಾಯ. ನಮ್ಮಲ್ಲಿ ಕ್ಷಯ ಅಡಗಿರುವುದು ಸಾಮಾನ್ಯವಾದ್ದರಿಂದ ಅದನ್ನೂ ನೋಡಬೇಕು. ಒಂದು ಸುತ್ತಿನಲ್ಲಿ ಒಟ್ಟು ಎಂಟು ಗ್ರಾಂ ಮೀರಬಾರದು, ಮೀರಿದರೆ ಯಕೃತ್ತಿಗೆ ಅಪಾಯ. ಆರನೇ ವಾರಕ್ಕೆ ಸ್ವಲ್ಪವೂ ಸುಧಾರಣೆ ಕಾಣದಿದ್ದರೆ ದಾರಿ ಬದಲಿಸುವ ಬಗ್ಗೆ ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ.

ಬೇರೆ ದಾರಿಗಳೂ ಇವೆ. ಸ್ನಾಯುಗಳ ಚಲನೆ ಕೆಟ್ಟವರಿಗೆ ಗೂಡಿನ ಭಾಗಕ್ಕೆ ಕಡಿಮೆ ಪ್ರಮಾಣದ ವಿಕಿರಣ ನೆರವಾಗುತ್ತದೆ. ಸಾಮಾನ್ಯವಾಗಿ ಹತ್ತು ಬಾರಿಗೆ ಹಂಚಿ ಒಟ್ಟು 20 ಗ್ರೇ (ವಿಕಿರಣದ ಅಳತೆಯ ಘಟಕ) ಕೊಡುತ್ತಾರೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾದವರಿಗೆ ಅದು ಸಲ್ಲದು. ರಿಟುಕ್ಸಿಮ್ಯಾಬ್, ಟೋಸಿಲಿಜುಮ್ಯಾಬ್ ಎಂಬ ಔಷಧಿಗಳನ್ನು ಸ್ಟೀರಾಯ್ಡ್‌ಗೆ ಬಗ್ಗದವರಲ್ಲಿ ಬಳಸುತ್ತಾರೆ. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ರೊಟುಮುಮ್ಯಾಬ್ ನಾನು ಮೇಲೆ ಹೇಳಿದ ಐಜಿಎಫ್-1 ಗ್ರಾಹಕವನ್ನೇ ತಡೆಯುತ್ತದೆ. ಮೂರು ವಾರಕ್ಕೊಮ್ಮೆ ಎಂಟು ಸಲ ಕೊಡುತ್ತಾರೆ. ಮುಂದೆ ಬಂದ ಗುಡ್ಡೆಯನ್ನು ಹಿಂದಕ್ಕೆ ಸರಿಸುವಲ್ಲಿ ಅದಕ್ಕಿಂತ ಮೊದಲಿನ ಯಾವ ಔಷಧಿಯೂ ಅಷ್ಟು ಕೆಲಸ ಮಾಡಿರಲಿಲ್ಲ. ಆದರೆ ಅದು ಕೆಲವರ ಕಿವಿಯನ್ನು ಮಂದವಾಗಿಸುತ್ತದೆ, ಸಕ್ಕರೆ ಏರಿಸುತ್ತದೆ, ನಿಲ್ಲಿಸಿದ ಮೇಲೆ ಕೆಲವರಲ್ಲಿ ಕಾಯಿಲೆ ಮರಳುತ್ತದೆ. ಬೆಲೆಯಂತೂ ನಮ್ಮ ಮಧ್ಯಮ ವರ್ಗದ ಕೈಗೆ ಎಟುಕುವಂಥದ್ದಲ್ಲ. ವಿದೇಶದಲ್ಲಿರುವ ಬಂಧುಗಳು ಅದರ ಸುದ್ದಿ ಕಳುಹಿಸಿದರೆ, ಅದಿಲ್ಲದೆ ನಿಮ್ಮ ಕಣ್ಣು ಉಳಿಯದು ಎಂದು ಹೆದರಬೇಡಿ. ಡ್ರಿಪ್ ಸ್ಟೀರಾಯ್ಡ್ ಸರಿಯಾದ ಸಮಯಕ್ಕೆ ಸಿಕ್ಕರೆ ಬಹಳ ಜನ ಸುಧಾರಿಸುತ್ತಾರೆ.

ಮಾಡಬಾರದ್ದನ್ನೂ ಹೇಳಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಕಣ್ಣಿನ ಹಿಂದಿನ ಉರಿಯೂತವನ್ನು ಮುಟ್ಟುವುದೇ ಇಲ್ಲ. ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ, ಪೊರೆ ಬರುತ್ತದೆ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ರೆಪ್ಪೆ ಮುಚ್ಚದ ಕಣ್ಣಿನ ಕಪ್ಪುಗುಡ್ಡೆಯಲ್ಲಿ ಗೀರು ಇರುವ ಸಾಧ್ಯತೆ ಹೆಚ್ಚು, ಅಲ್ಲಿ ಸೋಂಕು ಹಿಡಿಯಲು ಒಂದು ಹನಿ ಸಾಕು. ಅಯೋಡಿನ್ ಉಪ್ಪು ಬಿಡುವುದು, ಎಲೆಕೋಸು ಬಿಡುವುದು ಇದಾವುದೂ ಕಣ್ಣನ್ನು ಸರಿಪಡಿಸುವುದಿಲ್ಲ, ಅಡುಗೆ ಎಂದಿನಂತಿರಲಿ.

ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ: ದೃಷ್ಟಿ ಮಂಜಾಗುವುದು, ಬಣ್ಣಗಳು ಅದರಲ್ಲೂ ಕೆಂಪು ಕಳೆಗುಂದಿ ಕಾಣುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆಯೊಂದಿಗೆ ತೀವ್ರ ನೋವು, ರೆಪ್ಪೆ ಗುಡ್ಡೆಯ ಹಿಂದೆ ಸಿಕ್ಕಿಕೊಳ್ಳುವಷ್ಟು ಕಣ್ಣು ಹೊರಗೆ ಬರುವುದು. ಕೆಂಪು ಬಣ್ಣದ ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಬಹುದು. ಒಂದೊಂದೇ ಕಣ್ಣು ಮುಚ್ಚಿ ಕುಂಕುಮದ ಭರಣಿಯನ್ನೋ ಕೆಂಪು ಪೆನ್ನಿನ ಮುಚ್ಚಳವನ್ನೋ ನೋಡಿ, ಒಂದು ಕಣ್ಣಿಗೆ ಅದು ಮಾಸಿದಂತೆ ಕಂಡರೆ ದೃಷ್ಟಿನರದ ಮೇಲೆ ಒತ್ತಡ ಬಿದ್ದಿರಬಹುದು. ಎರಡೂ ಕಣ್ಣಿಗೆ ಒಟ್ಟಿಗೆ ಹಾಗಾದರೆ ಹೋಲಿಕೆಯಲ್ಲಿ ಗೊತ್ತಾಗದು, ಆದ್ದರಿಂದ ಇದನ್ನು ನಂಬಿ ತಪಾಸಣೆ ತಪ್ಪಿಸಬೇಡಿ. ನರಕ್ಕೆ ಒತ್ತಡವಾದಾಗ ಮೂರು ದಿನ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಡ್ರಿಪ್ ಕೊಟ್ಟು, ಎರಡು ವಾರದೊಳಗೆ ಫಲ ಕಾಣದಿದ್ದರೆ ಮೂಳೆಯ ಗೋಡೆಯನ್ನು ಭಾಗಶಃ ತೆಗೆದು ಜಾಗ ಮಾಡಿಕೊಡುತ್ತಾರೆ. ಚುರುಕಿನ ಘಟ್ಟದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ಇಂಥ ತುರ್ತಿನಲ್ಲಿ ಮಾತ್ರ. ಕಣ್ಣಿನ ತೊಂದರೆ ಇರುವ ನೂರರಲ್ಲಿ ಮೂರರಿಂದ ಐದು ಮಂದಿ ಮಾತ್ರ ಅಷ್ಟು ತೀವ್ರ ಹಂತಕ್ಕೆ ಹೋಗುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು ಹೆಚ್ಚು ಜಾಗರೂಕರಾಗಿರಬೇಕು.

ಉರಿಯೂತ ತಣಿದು, ಅಳತೆಗಳು ಆರು ತಿಂಗಳು ಬದಲಾಗದೆ ನಿಂತ ಮೇಲೆ ನೀವು ಕೇಳಿದ ಶಸ್ತ್ರಚಿಕಿತ್ಸೆಯ ಸರದಿ. ಅದಕ್ಕೆ ಒಂದು ಕ್ರಮವಿದೆ. ಗುಡ್ಡೆ ಬಹಳ ಮುಂದಿದ್ದರೆ ಮೊದಲು ಗೂಡಿನ ಗೋಡೆ ಅಥವಾ ಕೊಬ್ಬು ತೆಗೆದು ಹಿಂದಕ್ಕೆ ಕೂರಿಸುವುದು, ನಂತರ ಎರಡೆರಡು ಕಾಣುವುದಕ್ಕೆ ಸ್ನಾಯು ಸರಿಪಡಿಸುವುದು, ಕೊನೆಯಲ್ಲಿ ರೆಪ್ಪೆ. ಮೊದಲನೆಯದರಿಂದ ಸ್ನಾಯುಗಳ ಸ್ಥಾನ ಬದಲಾಗುತ್ತದೆ, ಎರಡನೆಯದರಿಂದ ರೆಪ್ಪೆಯ ಎತ್ತರ ಬದಲಾಗುತ್ತದೆ, ಆದ್ದರಿಂದ ಕ್ರಮ ತಪ್ಪಿಸಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಿಸಿಕೊಳ್ಳಬೇಕಾಗುತ್ತದೆ. ಎಲ್ಲರಿಗೂ ಮೂರೂ ಬೇಕಾಗುವುದಿಲ್ಲ. ಅಲ್ಲಿಯವರೆಗೆ ಎರಡೆರಡು ಕಾಣುವುದಕ್ಕೆ ಕನ್ನಡಕದ ಮೇಲೆ ಅಂಟಿಸುವ ಪ್ರಿಸಂ ಹಾಳೆ ಸಿಗುತ್ತದೆ, ಬೇಕಾದಾಗ ಬದಲಿಸಬಹುದು. ನೇರ ನೋಟದಲ್ಲೂ ಎರಡು ಕಾಣತೊಡಗಿದರೆ ಸ್ಕೂಟರ್ ಓಡಿಸುವುದನ್ನು ನಿಲ್ಲಿಸಿ.

ಹಾರ್ಮೋನ್ ತಜ್ಞರು ಮತ್ತು ಕಣ್ಣಿನ ಗೂಡು ಹಾಗೂ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಇರುವ ನೇತ್ರತಜ್ಞರು ಇಬ್ಬರೂ ನಿಮ್ಮನ್ನು ನೋಡಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕು. ನಿಮ್ಮೂರಿನ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದಿಂದ ಆರಂಭಿಸಿ. ಅಗತ್ಯ ಬಿದ್ದರೆ ಬೆಂಗಳೂರಿನ ಮಿಂಟೊದಂಥ ದೊಡ್ಡ ಕಣ್ಣಿನ ಆಸ್ಪತ್ರೆಗಳಿಗೆ ಅಲ್ಲಿಂದಲೇ ಬರೆದು ಕಳುಹಿಸುತ್ತಾರೆ. ಹೋಗುವಾಗ ಕಾಯಿಲೆಗೆ ಮುಂಚಿನ ಎರಡು ಮೂರು ಫೋಟೋ ತೆಗೆದುಕೊಂಡು ಹೋಗಿ, ಮದುವೆ ಆಲ್ಬಂನದ್ದಾದರೂ ಸರಿ, ಕಣ್ಣು ಎಷ್ಟು ಬದಲಾಗಿದೆ ಎಂಬುದು ಅದರಿಂದ ತಕ್ಷಣ ತಿಳಿಯುತ್ತದೆ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಮೊಬೈಲಿನಲ್ಲಿ ಮುಖದ ಚಿತ್ರ ತೆಗೆದಿಡಿ. ಗುಡ್ಡೆ ಎಷ್ಟು ಮುಂದಿದೆ ಎಂದು ಹೆರ್ಟೆಲ್ ಎಂಬ ಸಣ್ಣ ಸಾಧನದಿಂದ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಟಿ ಸ್ಕ್ಯಾನ್ ಹೇಳಿದರೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಚುಚ್ಚುಮದ್ದು ಬೇಕೇ ಎಂದು ಕೇಳಿ, ಊದಿದ ಸ್ನಾಯುಗಳನ್ನು ನೋಡಲು ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಥೈರಾಯ್ಡ್ ಕಡಿಮೆ ಇರುವವರಿಗೂ, ಅಪರೂಪಕ್ಕೆ ಥೈರಾಯ್ಡ್ ಪೂರ್ತಿ ಸರಿ ಇರುವವರಿಗೂ ಇದೇ ಕಣ್ಣಿನ ಕಾಯಿಲೆ ಬರುತ್ತದೆ. ಒಂದೇ ಕಣ್ಣು ಮುಂದೆ ಬಂದಿದ್ದರೂ ವಯಸ್ಕರಲ್ಲಿ ಇದೇ ಸಾಮಾನ್ಯ ಕಾರಣ, ಆದರೆ ಗಡ್ಡೆ ಇಲ್ಲವೆಂದು ಸ್ಕ್ಯಾನ್‌ನಿಂದ ಖಚಿತಪಡಿಸಿಕೊಳ್ಳಲೇಬೇಕು. ಗ್ರೇವ್ಸ್ ಇರುವವರ ರೆಪ್ಪೆ ಸಂಜೆಯ ಹೊತ್ತಿಗೆ ಜೋತು ಬೀಳತೊಡಗಿದರೆ ಮಯಸ್ತೇನಿಯಾ ಎಂಬ ಸ್ನಾಯು ಕಾಯಿಲೆಯ ಪರೀಕ್ಷೆ ಆಗಬೇಕು. ಥೈರಾಯ್ಡ್ ಕಣ್ಣಿನಲ್ಲಿ ರೆಪ್ಪೆ ಮೇಲೆ ಸರಿಯುತ್ತದೆಯೇ ಹೊರತು ಇಳಿಯುವುದಿಲ್ಲ.

ಇನ್ನು ನಿಮ್ಮ ಮಗಳು. ಥೈರಾಯ್ಡಿನ ಸ್ವಯಂ ನಿರೋಧಕ ಕಾಯಿಲೆಗಳು ಕುಟುಂಬಗಳಲ್ಲಿ ಹರಿಯುತ್ತವೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಹಾಗೆಂದು ನಿಮಗೆ ಬಂದದ್ದು ಅವಳಿಗೆ ಬಂದೇ ತೀರುತ್ತದೆ ಎಂದಲ್ಲ, ಬಂದರೂ ಮಕ್ಕಳಲ್ಲಿ ಕಣ್ಣಿನ ಬಾಧೆ ಸಾಮಾನ್ಯವಾಗಿ ಹಗುರವಾಗಿರುತ್ತದೆ. ಈಗ ಅವಳಿಗೆ ಯಾವ ಮುಂಜಾಗ್ರತೆಯ ಮಾತ್ರೆಯೂ ಬೇಕಿಲ್ಲ, ವರ್ಷವರ್ಷ ಪ್ರತಿಕಾಯ ಪರೀಕ್ಷೆಯೂ ಬೇಕಿಲ್ಲ. ಕಾರಣವಿಲ್ಲದೆ ತೂಕ ಇಳಿದರೆ, ಎದೆ ಬಡಿತ ಹೆಚ್ಚಿದರೆ, ಓದಿನಲ್ಲಿ ಗಮನ ನಿಲ್ಲದೆ ಕೈ ನಡುಗಿದರೆ ಅಥವಾ ಕುತ್ತಿಗೆ ಮುಂಭಾಗ ಉಬ್ಬಿದಂತೆ ಕಂಡರೆ ಟಿಎಸ್‌ಎಚ್ ಮತ್ತು ಟಿ4 ಮಾಡಿಸಿ. ವೈದ್ಯರ ಬಳಿ ಹೋದಾಗ ತಾಯಿಗೆ ಗ್ರೇವ್ಸ್ ಇದೆ ಎಂಬುದನ್ನು ಮೊದಲೇ ಹೇಳಿ.